ಕಾರಕೂನರ ಮಗ ಕಲಿತ ಬಗೆ: ಸವಾಯಿ ಗಂಧರ್ವರ ಬದುಕು



ಕಳೆದ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ರವಿವಾರದ ಸಂಗೀತ ವರ್ಗದ ಹಾಜರಿ ಪುಸ್ತಕ ತೆರೆದು ನೋಡಿದೆವು. ಮೂರು ಮಕ್ಕಳ ಹೆಸರಿನ ಮುಂದೆ ಎರಡು ತಿಂಗಳಿಂದ ಬರೀ ಗೈರುಹಾಜರಿ. ಹುಷಾರಿಲ್ಲವೇನೋ, ಪರೀಕ್ಷೆ ಇರಬಹುದೇನೋ ಎಂದುಕೊಂಡು ಮನೆಗೆ ಹೋಗಿ ವಿಚಾರಿಸಿದೆವು. ಕಾರಣ ಬೇರೆಯೇ ಇತ್ತು. ಫೀ ಬಾಕಿ ಉಳಿದಿದೆ, ಗುರುಗಳಿಗೆ ಮುಖ ಹೇಗೆ ತೋರಿಸುವುದು ಎಂಬ ಸಂಕೋಚ. ಒಬ್ಬ ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು. ಮಗಳ ಹಾಡು ನಿಂತದ್ದಕ್ಕಿಂತ, ನಾವು ಬಾಕಿ ಕೇಳಲು ಬಂದಿದ್ದೇವೆಂದು ತಿಳಿದೇ ಅವರು ಹೆಚ್ಚು ಗಾಬರಿಯಾದರು. ನಮಗೆ ನಾಚಿಕೆಯಾಯಿತು.

ಆ ಸಂಕೋಚ ನಮಗೆ ಹೊಸದಲ್ಲ. ಆಯುಷ್ಯವೆಲ್ಲ ಕಾರಕೂನಿಕೆಯಲ್ಲಿ ಕಳೆದವರು ನಾವು. ನಮ್ಮ ಮನೆಯಲ್ಲೂ ಮಗಳ ಪೇಟಿ ಪಾಠ ಒಂದು ವರ್ಷಕ್ಕೇ ನಿಂತಿತ್ತು. ತಿಂಗಳ ಕೊನೆಯ ವಾರದ ಲೆಕ್ಕದಲ್ಲಿ ಕಿರಾಣಿಗೆ ಕತ್ತರಿ ಹಾಕಲು ಬರುವುದಿಲ್ಲ, ಬಾಡಿಗೆಗೆ ಬರುವುದಿಲ್ಲ, ಶಾಲೆಗೆ ಬರುವುದಿಲ್ಲ. ಉಳಿಯುವುದು ಹಾಡೇ. ಮಗಳು ಒಂದು ಮಾತೂ ಆಡಲಿಲ್ಲ. ಅದೇ ಇಂದಿಗೂ ನಮಗೆ ಚುಚ್ಚುವುದು.

ಪ್ರತಿ ಸಂಚಿಕೆಯಲ್ಲಿ ಹಿರಿಯರೊಬ್ಬರ ಬದುಕನ್ನು ಬರೆಯುವುದು ನಮ್ಮ ಪದ್ಧತಿ. ಈ ಸಲ ಯಾರ ಬಗ್ಗೆ ಬರೆಯಬೇಕೆಂದು ಹೆಚ್ಚು ಯೋಚಿಸಬೇಕಾಗಲಿಲ್ಲ. ಕಾರಕೂನರ ಮನೆಯಲ್ಲಿ ಹುಟ್ಟಿ, ಕೈಯಲ್ಲಿ ಕಾಸಿಲ್ಲದೆ ಹಿಂದುಸ್ತಾನಿ ಸಂಗೀತ ಕಲಿತು, ಮುಂದೆ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಗುರುವಾದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ತಾವಾಗಿಯೇ ನೆನಪಿಗೆ ಬಂದರು.

ಅವರ ಪೂರ್ಣ ಹೆಸರು ರಾಮಚಂದ್ರ ಗಣೇಶ ಕುಂದಗೋಳಕರ. ಹುಟ್ಟಿದ್ದು 1886ರ ಜನವರಿ 19ರಂದು. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಕುಂದಗೋಳ ಸಿಗುತ್ತದೆ. ಇಂದು ಅದು ಧಾರವಾಡ ಜಿಲ್ಲೆಯ ತಾಲೂಕು ಸ್ಥಳ. ಆದರೆ ರಾಮಭಾವು ಹುಟ್ಟಿದಾಗ ಸುತ್ತಲಿನ ಧಾರವಾಡ ಜಿಲ್ಲೆ ಬ್ರಿಟಿಷರದು, ಕುಂದಗೋಳ ಮಾತ್ರ ದೂರದ ಜಮಖಂಡಿ ಸಂಸ್ಥಾನದ ಪಟವರ್ಧನರದು. ಊರು ಒಂದು ಕಡೆ, ದೊರೆತನ ಇನ್ನೊಂದು ಕಡೆ. ಗಡಿಯಲ್ಲಿ ಬಾಳುವ ನಮಗೆ ಇಂಥ ನಕಾಶೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತಂದೆ ಗಣೇಶರಾಯರು ಊರಿನ ಶ್ರೀಮಂತ ನಾಡಿಗೇರ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಬೇರೆಯವರ ಜಮೀನಿನ, ಬೇರೆಯವರ ಧಾನ್ಯದ ಲೆಕ್ಕ ಬರೆಯುವ ಕೆಲಸ. ಮಗ ನಾಲ್ಕಕ್ಷರ ಕಲಿತು ನೌಕರಿ ಹಿಡಿಯಲಿ ಎಂಬುದು ಅಂಥ ತಂದೆಗೆ ಸಹಜ ಆಸೆ. ಹುಡುಗನನ್ನು ಹುಬ್ಬಳ್ಳಿಯ ಶಾಲೆಗೆ ಕಳಿಸಿದರು. ಪಠ್ಯ ತಲೆಗೆ ಹತ್ತಲಿಲ್ಲ, ಪದ್ಯಗಳು ಮಾತ್ರ ರಾಗ ಸಮೇತ ಬಾಯಿಗೆ ಬರುತ್ತಿದ್ದವು. ಓದು ಅರ್ಧಕ್ಕೇ ನಿಂತಿತು.

ಇಲ್ಲಿ ಗಣೇಶರಾಯರು ಮಾಡಿದ ಒಂದು ಕೆಲಸಕ್ಕೆ ನಾವು ಕೈ ಮುಗಿಯುತ್ತೇವೆ. ಶಾಲೆ ಬಿಟ್ಟ ಮಗನನ್ನು ಅಂಗಡಿಗೋ ಹೊಲಕ್ಕೋ ಹಚ್ಚುವುದು ಸುಲಭವಾಗಿತ್ತು. ಅವರು ಹಾಗೆ ಮಾಡದೆ ಬಳವಂತರಾವ್ ಕೊಲ್ಹಟ್ಕರ್ ಅವರ ಬಳಿ ಹಾಡು ಕಲಿಯಲು ಬಿಟ್ಟರು. ಆ ಕಾಲದಲ್ಲಿ ಮರ್ಯಾದಸ್ಥ ಕುಟುಂಬದ ಹುಡುಗ ಗವಾಯಿಯಾಗುವುದು ಎಂದರೆ ಮೂಗು ಮುರಿಯುವವರೇ ಹೆಚ್ಚು. ಗವಾಯಿಯಾದರೆ ಹೊಟ್ಟೆ ತುಂಬುತ್ತದೆ ಎಂಬ ಭರವಸೆಯೂ ಇರಲಿಲ್ಲ. ಕೊಲ್ಹಟ್ಕರರಿಂದ ಹುಡುಗ ಹಲವಾರು ಧ್ರುಪದ, ತರಾನಾಗಳನ್ನು, ತಾಳದ ಲೆಕ್ಕವನ್ನು ಕಲಿತ. ಆದರೆ 1898ರಲ್ಲಿ ಆ ಗುರುಗಳು ತೀರಿಕೊಂಡರು. ಹನ್ನೆರಡರ ವಯಸ್ಸಿಗೆ ಶಾಲೆಯೂ ಇಲ್ಲ, ಗುರುವೂ ಇಲ್ಲ.

ಆಗ ದೊರೆತವರು ಉಸ್ತಾದ್ ಅಬ್ದುಲ್ ಕರೀಂ ಖಾನ್. ಅವರು 1872ರಲ್ಲಿ ಉತ್ತರದ ಕೈರಾನಾ ಎಂಬ ಊರಿನಲ್ಲಿ ಹುಟ್ಟಿದವರು. ಕಿರಾನಾ ಘರಾಣೆ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಬಡೋದೆಯ ದರಬಾರು ಬಿಟ್ಟು ದಕ್ಷಿಣಕ್ಕೆ ಬಂದು ಕೊನೆಗೆ ಮಿರಜಿನಲ್ಲಿ ನೆಲೆಯಾದರು. ಮೈಸೂರು ಅರಮನೆಗೆ ಹೋಗಿ ಬರುತ್ತಿದ್ದರು. ಕರ್ನಾಟಕ ಸಂಗೀತವನ್ನು ಗೌರವದಿಂದ ಕೇಳಿ, ತ್ಯಾಗರಾಜರ ಕೃತಿಯನ್ನು ಗ್ರಾಮಫೋನ್ ತಟ್ಟೆಗೂ ಹಾಡಿದರು. ಈ ಓಡಾಟದ ನಡುವೆ ಹುಬ್ಬಳ್ಳಿ, ಧಾರವಾಡ, ಕುಂದಗೋಳಗಳು ಅವರಿಗೆ ತಂಗುವ ಜಾಗಗಳಾದವು. ಕುಂದಗೋಳದಲ್ಲಿ ಅವರ ಹಾಡು ನಡೆಯುತ್ತಿದ್ದದ್ದು ನಾಡಿಗೇರರ ವಾಡೆಯಲ್ಲಿ. ಅದು ಗಣೇಶರಾಯರು ಲೆಕ್ಕ ಬರೆಯುತ್ತಿದ್ದ ಮನೆ. ಕಾರಕೂನನ ಮಗನಿಗೆ ಜಮಖಾನೆಯ ಮೇಲೆ ಜಾಗ ಸಿಗದಿದ್ದರೂ ಬಾಗಿಲ ಬಳಿ ನಿಂತು ಕೇಳಲು ಅಡ್ಡಿಯಿರಲಿಲ್ಲ.

ಖಾನ್ ಸಾಹೇಬರು ಹಾಡಿದ್ದನ್ನು ಹುಡುಗ ತನ್ನಷ್ಟಕ್ಕೇ ಗುನುಗುತ್ತಿದ್ದ. ಅದು ಅವರ ಕಿವಿಗೆ ಬಿತ್ತು ಎಂದು ಕುಂದಗೋಳದ ಕಡೆಯವರು ಹೇಳುತ್ತಾ ಬಂದಿದ್ದಾರೆ. ಕಲಿಸಲು ಒಪ್ಪಿದರು. ಆದರೆ ಒಂದು ಕರಾರು. ಎಂಟು ವರ್ಷ ತಮ್ಮ ಜೊತೆಗೇ ಇರಬೇಕು, ನಡುವೆ ಬಿಟ್ಟು ಹೋಗಬಾರದು.

ಸದಸ್ಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಿಂದಿನ ಕಾಲದಲ್ಲಿ ಗುರುಗಳು ದುಡ್ಡು ಮುಟ್ಟದೆ ಕಲಿಸುತ್ತಿದ್ದರು, ಈಗ ಎಲ್ಲವೂ ವ್ಯಾಪಾರವಾಗಿದೆ ಎಂದು ನಮ್ಮ ಸಭೆಗಳಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಕೀರ್ದಿ ಪುಸ್ತಕ ಬರೆದವರಾಗಿ ನಾವು ಅದನ್ನು ಒಪ್ಪುವುದಿಲ್ಲ. ಫೀ ಎಂಬ ಕಲಮಿನಲ್ಲಿ ಸೊನ್ನೆ ಇದ್ದಿರಬಹುದು. ಅದರ ಪಕ್ಕದ ಕಲಮು ನೋಡಿ. ದುಡಿಯುವ ವಯಸ್ಸಿಗೆ ಬರುತ್ತಿರುವ ಮಗ ಎಂಟು ವರ್ಷ ಮನೆಗೆ ಒಂದು ಪೈಸೆ ತರುವುದಿಲ್ಲ. ತಂದೆಯ ಮುಪ್ಪು, ತಾಯಿಯ ಕಾಯಿಲೆ, ಹಬ್ಬ ಹುಣ್ಣಿಮೆ ಯಾವುದಕ್ಕೂ ಅವನು ಕೈಗೆ ಸಿಗುವುದಿಲ್ಲ. ಗುರುವಿನ ಕಡೆಯ ಕಲಮೂ ಖಾಲಿಯಲ್ಲ. ಬೆಳೆಯುವ ಹುಡುಗನ ಎಂಟು ವರ್ಷದ ಊಟ, ಬಟ್ಟೆ, ಊರೂರು ತಿರುಗುವ ರೈಲು ಖರ್ಚು, ಇವೆಲ್ಲ ಕಛೇರಿಯಿಂದ ಬಂದ ಬಿದಾಯಿಯಲ್ಲೇ ಆಗಬೇಕು. ಹುಡುಗ ಎರಡು ವರ್ಷಕ್ಕೇ ಎದ್ದು ಹೋದರೆ ಗುರುವಿಗೆ ಅದು ಮುಳುಗಿದ ಸಾಲ. ಆ ಕರಾರು ಕಠಿಣವಾಗಿ ಕಾಣುತ್ತದೆ, ಆದರೆ ಅದರಲ್ಲಿ ಮೋಸವಿರಲಿಲ್ಲ.

ಗಣೇಶರಾಯರು ಒಪ್ಪಿದರು. ರಾಮಭಾವು ಮಿರಜಿಗೆ ಹೋದ.

ಮಿರಜ್ ನಮ್ಮ ಸದಸ್ಯರಿಗೆ ಪರಿಚಯವೇ ಬೇಡ. ನಮ್ಮಲ್ಲಿ ಕೆಲವರು ದವಾಖಾನೆಗೆ, ಕೆಲವರು ರೈಲು ಬದಲಿಸಲು, ಕೆಲವರು ಬೀಗರ ಮನೆಗೆಂದು ಹೋಗುತ್ತಲೇ ಇರುತ್ತೇವೆ. ಅಲ್ಲಿನ ಕುಂಬಳ ಬುರುಡೆಯ ತಂಬೂರಿಗಳಿಗೆ ದೇಶದಲ್ಲೆಲ್ಲ ಹೆಸರಿದೆ. ಖಾನ್ ಸಾಹೇಬರು ಸ್ವತಃ ವಾದ್ಯ ಬಿಚ್ಚಿ ಜೋಡಿಸಿ ರಿಪೇರಿ ಮಾಡಬಲ್ಲವರು. ತಂಬೂರಿ ಸ್ವರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು ಎಂಬುದು ಅವರ ಹಟ. ಅಲ್ಲಿ ಒಂದೇ ರಾಗದ ಮೇಲೆ ತಿಂಗಳುಗಟ್ಟಲೆ ಕೂರಬೇಕಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಸಾವಿರ ಸಲ ತುಳಿಯಬೇಕಿತ್ತು. ತಿಂಗಳಿಗೆ ಹತ್ತು ಹಾಡು ಕಲಿಸುತ್ತೀರಾ ಎಂದು ನಮ್ಮ ವರ್ಗದಲ್ಲಿ ಕೇಳುವ ಪಾಲಕರು ಆಗ ಇದ್ದಿದ್ದರೆ ಹುಡುಗನನ್ನು ಮರುದಿನವೇ ಮನೆಗೆ ಕರೆತರುತ್ತಿದ್ದರು.

ಇದರ ಮೇಲೆ ಇನ್ನೊಂದು ಪರೀಕ್ಷೆ. ಬಾಲ್ಯದಲ್ಲಿ ಇಂಪಾಗಿದ್ದ ಕಂಠ ಪ್ರಾಯ ಬಂದ ಮೇಲೆ ಒಡೆಯಿತು. ರಾಮಭಾವು ಅವರದು ಹುಟ್ಟಿನಿಂದ ಬಂದ ಜೇನುಕಂಠವಲ್ಲ ಎಂದು ಅವರನ್ನು ಕೇಳಿದವರೆಲ್ಲ ಒಪ್ಪುತ್ತಾರೆ. ದೊಡ್ಡವರಾದ ಮೇಲೂ ಕಛೇರಿಯ ಮೊದಲ ಹೊತ್ತು ದನಿ ಗೊಗ್ಗರಾಗಿಯೇ ಇರುತ್ತಿತ್ತು. ಸಾವಕಾಶವಾಗಿ ಕಾಯಿಸಿ ಕಾಯಿಸಿ, ಒಮ್ಮೆ ಹದಕ್ಕೆ ಬಂದಿತೆಂದರೆ ಆಮೇಲೆ ಜನ ಏಳುತ್ತಿರಲಿಲ್ಲ. ದುಡಿಮೆಯಿಂದ ಗಳಿಸಿದ ಕಂಠ ಅದು. ಮಕ್ಕಳಿಗೆ ದನಿ ಚೆನ್ನಾಗಿಲ್ಲ ಎಂದು ಮೊದಲ ವಾರವೇ ನಿರ್ಣಯ ಕೊಡುವ ಬಂಧುಗಳು ಇದನ್ನು ಗಮನಿಸಬೇಕೆಂದು ವಿನಂತಿ.

ಮಿರಜಿನ ತಾಲೀಮಿನ ನಂತರ ರಾಮಭಾವು ಹಿಡಿದದ್ದು ನಾಟಕ ಕಂಪನಿಯ ದಾರಿ. ಇದು ಅವರ ಬದುಕಿನಲ್ಲಿ ಅತಿ ಹೆಚ್ಚು ಚರ್ಚೆಯಾದ ಸಂಗತಿ. ಗುರುಗಳಿಗೆ ಇದು ಹಿಡಿಸಲಿಲ್ಲ. ಇಷ್ಟು ವರ್ಷ ತಿದ್ದಿದ ಕಂಠ ರಾತ್ರಿಯಿಡೀ ರಂಗದ ಮೇಲೆ ಕೂಗಿ ಹಾಳಾಗುತ್ತದೆ ಎಂಬ ಸಂಕಟ ಅವರಿಗೆ. ಸಂಗೀತದ ಬಗ್ಗೆ ಬರೆದವರೂ ಕೆಲವರು ರಾಮಭಾವು ಒಳ್ಳೆಯ ವರ್ಷಗಳನ್ನು ಬಣ್ಣದ ಡೇರೆಯಲ್ಲಿ ಕಳೆದರು ಎಂದು ಹಳಹಳಿಸುತ್ತಾರೆ.

ನಮ್ಮ ಅಭಿಪ್ರಾಯ ಬೇರೆ. ಆ ಕಾಲದಲ್ಲಿ ಶಾಸ್ತ್ರೀಯ ಗಾಯಕನಿಗೆ ಸಂಸ್ಥಾನದ ಆಶ್ರಯ ಇರಬೇಕು, ಇಲ್ಲವೆ ಮದುವೆ ಮುಂಜಿ ಉತ್ಸವಗಳಲ್ಲಿ ಆಗೊಮ್ಮೆ ಈಗೊಮ್ಮೆ ಬರುವ ಬಿದಾಯಿ. ಪ್ರತಿ ತಿಂಗಳು ಪಗಾರ, ಎರಡು ಹೊತ್ತು ಊಟ, ತಿರುಗಾಟದ ಖರ್ಚು ಇವಿಷ್ಟನ್ನೂ ಹಾಡುವವನಿಗೆ ಕೊಡುತ್ತಿದ್ದದ್ದು ನಾಟಕ ಕಂಪನಿಯೊಂದೇ. ಅದು ಮರಾಠಿ ಸಂಗೀತ ನಾಟಕಗಳ ಭರದ ಕಾಲ. ಪುಣೆ, ಮುಂಬಯಿಗಳಿಂದ ಹುಬ್ಬಳ್ಳಿಯವರೆಗೂ ಡೇರೆಗಳು ತುಂಬಿ ತುಳುಕುತ್ತಿದ್ದವು. ಎಂಟು ವರ್ಷದ ಕರಾರಿಗೆ ಮಗನನ್ನು ಬಿಟ್ಟುಕೊಟ್ಟ ಕಾರಕೂನರ ಮನೆಗೆ ಆ ಪಗಾರ ಎಷ್ಟು ದೊಡ್ಡದಾಗಿ ಕಂಡಿರಬೇಕು! ಕಲೆಗೆ ದ್ರೋಹ ಎಂದು ಹೇಳುವವರು ತಿಂಗಳ ಇಪ್ಪತ್ತೆಂಟನೇ ತಾರೀಖು ಹೇಗಿರುತ್ತದೆ ಎಂದು ಕಂಡವರಲ್ಲ.

ರಂಗದ ಮೇಲೆ ಅವರದು ಬಹುತೇಕ ಸ್ತ್ರೀ ಪಾತ್ರ. ಹೆಣ್ಣುಮಕ್ಕಳು ರಂಗಕ್ಕೆ ಬರದಿದ್ದ ಕಾಲದಲ್ಲಿ ಗಂಡಸರೇ ಸೀರೆಯುಟ್ಟು ನಾಯಕಿಯಾಗುತ್ತಿದ್ದರು. ಸೌಭದ್ರ ನಾಟಕದ ಸುಭದ್ರೆಯಾಗಿ ರಾಮಭಾವು ಹೆಸರು ಮಾಡಿದರು. ಆಗ ಮಹಾರಾಷ್ಟ್ರದ ಕಣ್ಮಣಿಯಾಗಿದ್ದವರು ಬಾಲಗಂಧರ್ವರು. ಅವರ ಹೆಸರೇ ರಂಗಗಾಯನದ ಅಳತೆಗೋಲು. ವಿದರ್ಭದ ಅಮರಾವತಿಯಲ್ಲಿ ರಾಮಭಾವು ಅವರ ಹಾಡಿಗೆ ಮೆಚ್ಚಿ ದಾದಾಸಾಹೇಬ ಖಾಪರ್ಡೆಯವರು ಸವಾಯಿ ಗಂಧರ್ವ ಎಂಬ ಬಿರುದು ಕೊಟ್ಟರು. ಹಳೆಯ ಶಾಲೆಯಲ್ಲಿ ಸವಾಯಕಿ, ದೀಡಕಿ ಮಗ್ಗಿ ಬಾಯಿಪಾಠ ಮಾಡಿದ ನಮ್ಮ ಪೀಳಿಗೆಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಸವಾ ಎಂದರೆ ಒಂದೂಕಾಲು. ಗಂಧರ್ವನಿಗಿಂತ ನಾಲ್ಕಾಣೆ ಹೆಚ್ಚು. ಮೊಮ್ಮಕ್ಕಳಿಗೆ ಹೇಳಿದರೆ ಕ್ಯಾಲ್ಕ್ಯುಲೇಟರ್ ಹುಡುಕುತ್ತಾರೆ. ಈ ಹೆಸರೇ ಮುಂದೆ ನಿಂತಿತು, ರಾಮಚಂದ್ರ ಎಂಬುದು ಮರೆತೇ ಹೋಯಿತು.

ಕನ್ನಡ ನೆಲದ ಹುಡುಗ, ಕೈರಾನಾದ ಮುಸಲ್ಮಾನ ಗುರು, ಮಿರಜಿನ ಪಾಠ, ಮರಾಠಿ ರಂಗದ ಅನ್ನ, ವಿದರ್ಭದ ಬಿರುದು. ಇದರಲ್ಲಿ ಯಾವುದನ್ನು ತೆಗೆದುಹಾಕಿದರೆ ಅವರು ನಮ್ಮವರಾಗುತ್ತಾರೆ? ಭಾಷೆಯ ವಿಷಯದಲ್ಲಿ ನಾವು ಎಲ್ಲೆಲ್ಲಿ ಅರ್ಜಿ ಕೊಟ್ಟಿದ್ದೇವೆ, ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಿದ್ದೇವೆ ಎಂಬುದು ನಿಮಗೆ ಗೊತ್ತಿದೆ. ಆ ಹೋರಾಟದಲ್ಲಿ ಹಿಂದೆ ಸರಿಯುವವರು ನಾವಲ್ಲ. ಆದರೆ ರಾಮಭಾವು ಅವರ ಹೆಸರನ್ನು ಆ ಜಗಳಕ್ಕೆ ಎಳೆಯಲು ನಮಗೆ ಮನಸ್ಸಿಲ್ಲ.

ನಾಟಕಗಳ ಭರಾಟೆ ಇಳಿಯುತ್ತಾ ಬಂತು. ಸಿನೆಮಾ ಬಂತು, ಡೇರೆಗಳು ಒಂದೊಂದಾಗಿ ಸುತ್ತಿಕೊಂಡವು. ರಾಮಭಾವು ಪೂರ್ತಿಯಾಗಿ ಕಛೇರಿಗಳಿಗೆ ಹೊರಳಿದರು. ಗ್ರಾಮಫೋನ್ ತಟ್ಟೆಗಳು ಬಂದವು. ಅವು ಒಂದೊಂದೂ ಮೂರು ಮೂರೂವರೆ ನಿಮಿಷದವು, ಆ ಕಂಠ ಕಾಯಲು ಬೇಕಾದ ಹೊತ್ತಿಗೇ ಸಾಲದು. ತಟ್ಟೆ ಕೇಳಿ ಅವರನ್ನು ಅಳೆಯಬೇಡಿರೆಂದು ಹಿರಿಯರು ಹೇಳುತ್ತಿದ್ದದ್ದು ಅದಕ್ಕೇ. 1937ರಲ್ಲಿ ಖಾನ್ ಸಾಹೇಬರು ಪುದುಚೇರಿಗೆ ಹೋಗುವ ದಾರಿಯಲ್ಲಿ, ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಅವರ ಗಾಯಕಿಯ ಹೊಣೆ ಈಗ ಶಿಷ್ಯರ ಮೇಲೆ.

ಇನ್ನು ಕಲಿಸಿದ ಕಥೆ. ನಮ್ಮ ಸದಸ್ಯರಿಗೆ ಹೆಚ್ಚು ಉಪಯೋಗವಾಗುವುದು ಈ ಭಾಗವೇ ಎಂದು ನಮಗನಿಸುತ್ತದೆ.

1930ರ ದಶಕದ ಮಧ್ಯಭಾಗದಲ್ಲಿ ಕುಂದಗೋಳದ ಮನೆಗೆ ಒಬ್ಬ ಹುಡುಗ ಬಂದ. ಗದಗ ಕಡೆಯ ಶಾಲಾ ಮಾಸ್ತರ ಗುರುರಾಜ ಜೋಶಿಯವರ ಮಗ, ಹೆಸರು ಭೀಮಸೇನ. 1922ರಲ್ಲಿ ಹುಟ್ಟಿದವನು. ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು ಓಡಿದ್ದ. ಕೈಯಲ್ಲಿ ದುಡ್ಡಿಲ್ಲ. ಟಿಕೇಟಿಲ್ಲದೆ ರೈಲು ಹತ್ತಿ, ಹಾಡಿ ಊಟ ಗಿಟ್ಟಿಸಿಕೊಂಡು ಗ್ವಾಲಿಯರಿನವರೆಗೆ ಹೋಗಿ ಅಲ್ಲಿನ ಸಂಗೀತ ಶಾಲೆ ಸೇರಿದ. ಅಲ್ಲಿಂದ ಮುಂದೆ ಎಲ್ಲೆಲ್ಲೋ ತಿರುಗಿ ಪಂಜಾಬಿನ ಜಾಲಂಧರ್ ತಲುಪಿದ. ಅಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ಇಷ್ಟು ದೂರ ಏಕೆ ಬಂದೆ, ನಿನ್ನ ಊರಿನ ಪಕ್ಕದಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ತಿಳಿಹೇಳಿದರು. ಇಡೀ ಹಿಂದುಸ್ತಾನ ಹುಡುಕಿದ ಗುರು ಗದಗಿನಿಂದ ಒಂದು ದಿನದ ಹಾದಿಯಲ್ಲಿದ್ದರು.

1936ರಿಂದ ನಾಲ್ಕೈದು ವರ್ಷ ಭೀಮಸೇನ ಗುರುಗಳ ಮನೆಯಲ್ಲಿದ್ದ. ಮೊದಲ ದಿನಗಳಲ್ಲಿ ಹಾಡಿಗಿಂತ ಮನೆಗೆಲಸವೇ ಹೆಚ್ಚು. ಕೊಡಗಟ್ಟಲೆ ನೀರು ಹೊರಬೇಕು. ಆಮೇಲೆ ತಾಲೀಮು ಶುರುವಾಯಿತು. ಮುಂಜಾನೆ ತೋಡಿ, ಮಧ್ಯಾಹ್ನದ ಮೇಲೆ ಮುಲ್ತಾನಿ, ಸಂಜೆ ಪೂರಿಯಾ. ದಿನಕ್ಕೆ ಮೂರು ರಾಗ, ತಿಂಗಳಾದರೂ ಅವೇ, ವರ್ಷವಾದರೂ ಅವೇ. ಮಿರಜಿನಲ್ಲಿ ತಾವು ಕಲಿತ ರೀತಿಯನ್ನೇ ರಾಮಭಾವು ಶಿಷ್ಯನಿಗೂ ಹಚ್ಚಿದ್ದರು.

ನೀರು ಹೊರಿಸಿ ಕಲಿಸುವುದೇ ನಿಜವಾದ ಗುರುಕುಲ ಎಂದು ನಾವು ಹೇಳುವುದಿಲ್ಲ. ಇಂದು ಯಾರಾದರೂ ನಮ್ಮ ವರ್ಗದ ಮಗುವಿನ ಕೈಗೆ ಪೊರಕೆ ಕೊಟ್ಟರೆ ಮೊದಲು ಜಗಳಕ್ಕೆ ಹೋಗುವವರು ನಾವೇ. ಆದರೆ ಮಾಸ್ತರರ ಮನೆಯ ಹುಡುಗನೊಬ್ಬನಿಗೆ ಹಣದ ಬದಲು ಮೈಯಿಂದ ತೀರಿಸುವ ದಾರಿಯೊಂದು ಆಗ ಇತ್ತು. ಈಗ ಆ ದಾರಿ ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ. ಅದರ ಜಾಗಕ್ಕೆ ಬೇರೆ ದಾರಿ ತೆರೆಯುವ ಕೆಲಸ ನಮ್ಮಂಥ ಸಂಘಗಳದು.

ಗಂಗೂಬಾಯಿಯವರದು ಇನ್ನೊಂದು ಬಗೆಯ ಲೆಕ್ಕ. ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತೊಂದರೆಯಾಗಬಾರದೆಂದು ಆ ತಾಯಿ ತಮ್ಮ ಹಾಡನ್ನೇ ಬದಿಗಿಟ್ಟರು. 1932ರಲ್ಲಿ ತಾಯಿ ತೀರಿಕೊಂಡರು. ಗಂಗೂಬಾಯಿಯವರಿಗೆ ಆಗಲೇ ಸಂಸಾರ, ಸಣ್ಣ ಮಕ್ಕಳು, ಹಣದ ಮುಗ್ಗಟ್ಟು. ಮನೆ ಬಿಟ್ಟು ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇರಲು ಸಾಧ್ಯವೇ ಇಲ್ಲ. ರಾಮಭಾವು ಕುಂದಗೋಳದಲ್ಲಿ ನೆಲೆಯಾದ ಮೇಲೆ ಅವರು ಕಂಡುಕೊಂಡ ಉಪಾಯ ರೈಲು. ಸಂಜೆ ಹುಬ್ಬಳ್ಳಿಯಿಂದ ಗಾಡಿ ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರಾತ್ರಿಯ ಗಾಡಿಗೆ ಮನೆಗೆ. ಜೊತೆಗೆ ಸೋದರಮಾವ ರಾಮಣ್ಣ. ಹೆಣ್ಣುಮಗಳು ಹಾಡು ಕಲಿಯಲು ರಾತ್ರಿ ರೈಲಿನಲ್ಲಿ ಓಡಾಡುವುದನ್ನು ಕಂಡು ಜನ ಆಡಿಕೊಂಡರು. ಆಡಿಕೊಳ್ಳುವವರು ಟಿಕೇಟಿನ ದುಡ್ಡು ಕೊಡುತ್ತಿರಲಿಲ್ಲವಲ್ಲ, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಬ್ಬನಿಗೆ ಮನೆಯಲ್ಲೇ ಜಾಗ, ಒಬ್ಬಾಕೆಗೆ ರೈಲಿನ ಸಮಯಕ್ಕೆ ಹೊಂದುವ ಪಾಠ. ಮುಂಬಯಿಯ ಪಾರಸಿ ತರುಣ ಫಿರೋಜ್ ದಸ್ತೂರ್ ಸಿನೆಮಾದಲ್ಲಿ ಹಾಡಿ ನಟಿಸಿದ್ದವರು, ಅವರಿಗೂ ಇವರೇ ಗುರು. ಕುಂದಗೋಳದ ಪಕ್ಕದ ಯಲಿವಾಳದಲ್ಲಿ ಹುಟ್ಟಿದ ಬಸವರಾಜ ರಾಜಗುರು ಮೊದಲು ಕಲಿತದ್ದು, ಅಂಧ ಮತ್ತು ಬಡ ಮಕ್ಕಳಿಗೆ ಅನ್ನ ಹಾಕಿ ಹಾಡು ಕಲಿಸಿದ ಪಂಚಾಕ್ಷರಿ ಗವಾಯಿಗಳ ಬಳಿ. ಅವರೂ ಮುಂದೆ ರಾಮಭಾವು ಅವರಿಂದ ಪಾಠ ಪಡೆದರು. ಎಲ್ಲರಿಗೂ ಒಂದೇ ಕರಾರು ಹಾಕದೆ, ಅವರವರ ಮನೆಯ ಸ್ಥಿತಿಗೆ ತಕ್ಕಂತೆ ಪಾಠ ಕೂಡಿಸಿದ್ದು ರಾಮಭಾವು ಅವರಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಮ್ಮ ಎಂಟು ವರ್ಷದ ಕರಾರು ಅವರಿಗೆ ಮರೆತಿರಲಿಲ್ಲವೇನೋ.

1940ರ ದಶಕದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಹಾಡು ನಿಂತಿತು. ಹದ ಮಾಡಿ ಹದ ಮಾಡಿ ಗಳಿಸಿದ ಆ ದನಿ ಅವರು ಬದುಕಿರುವಾಗಲೇ ಕೈಬಿಟ್ಟಿತು. ಈ ಭಾಗವನ್ನು ಹೆಚ್ಚು ಬೆಳೆಸಲು ಮನಸ್ಸು ಬರುವುದಿಲ್ಲ. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು.

ಮರುವರ್ಷವೇ, 1953ರಲ್ಲಿ, ಭೀಮಸೇನ ಜೋಶಿಯವರು ಹಾಗೂ ರಾಮಭಾವು ಅವರ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರು ಮುಂದಾಗಿ ಪುಣೆಯಲ್ಲಿ ಗುರುಗಳ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ನೀರು ಹೊತ್ತ ಹುಡುಗ ದೇಶದ ದೊಡ್ಡ ಗಾಯಕನಾದ ಮೇಲೂ ಆ ಉತ್ಸವದಲ್ಲಿ ಜಮಖಾನೆ ಹಾಸುವುದರಿಂದ ಹಿಡಿದು ಎಲ್ಲ ಕೆಲಸಕ್ಕೂ ಓಡಾಡುತ್ತಿದ್ದರು. ಅದು ಇಂದು ದೇಶದ ಅತಿ ದೊಡ್ಡ ಸಂಗೀತೋತ್ಸವಗಳಲ್ಲಿ ಒಂದು. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಪ್ರತಿ ವರ್ಷ ಅವರ ನೆನಪಿನಲ್ಲಿ ಅಹೋರಾತ್ರಿ ಸಂಗೀತ ನಡೆದುಕೊಂಡು ಬಂದಿದೆ. ಅಲ್ಲಿ ಟಿಕೇಟಿಲ್ಲ. ಕಾರಕೂನರ ಮಗ ಬಾಗಿಲ ಬಳಿ ನಿಂತು ಕೇಳಿದ ಅದೇ ಮನೆಯಲ್ಲಿ ಯಾರು ಬೇಕಾದರೂ ಒಳಗೆ ಕೂತು ಕೇಳಬಹುದು. ಸಾಧ್ಯವಾದವರು ಒಮ್ಮೆ ಹೋಗಿ ಬನ್ನಿ.

ಈಗ ನಮ್ಮ ವರ್ಗದ ವಿಷಯ. ಸಮಿತಿಯಲ್ಲಿ ಎರಡು ಅಭಿಪ್ರಾಯ ಇತ್ತು. ಗುರುಗಳ ಬಸ್ ಖರ್ಚು ಏರಿದೆ, ಫೀ ಏರಿಸಬೇಕು ಎಂಬುದು ಒಂದು. ಫೀ ತೆಗೆದೇ ಹಾಕಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಹೇಳಲು ಚೆಂದ, ಆದರೆ ಗುರುಗಳಿಗೂ ಮನೆಯಿದೆ, ಅವರಿಗೂ ತಿಂಗಳಿಗೊಂದು ಇಪ್ಪತ್ತೆಂಟನೇ ತಾರೀಖು ಬರುತ್ತದೆ. ಬಹಳ ಹೊತ್ತು ವಾದವಾಗಿ ಕೊನೆಗೆ ಹೀಗೆ ಠರಾವು ಆಯಿತು. ಗುರುಗಳ ಸಂಭಾವನೆ ಸಂಘದ ಖಾತೆಯಿಂದ ನೇರವಾಗಿ, ಪ್ರತಿ ತಿಂಗಳು ತಪ್ಪದೆ ಸಂದಾಯವಾಗುತ್ತದೆ. ಪಾಲಕರು ಕೊಡುವುದನ್ನು ಲಕೋಟೆಯಲ್ಲಿ ಹಾಕಿ ಸಂಘದ ಪೆಟ್ಟಿಗೆಗೆ ಹಾಕಬೇಕು, ಲಕೋಟೆಯ ಮೇಲೆ ಹೆಸರು ಬರೆಯಬಾರದು. ಯಾರು ಎಷ್ಟು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಗುರುಗಳಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಲೆಕ್ಕ ಬರೆಯುವ ಚಟ ಇರುವ ನಮಗೆ ಇದು ಸ್ವಲ್ಪ ಕಷ್ಟವೇ. ಹಳೆಯ ಬಾಕಿಯ ಪುಟವನ್ನು ಸಭೆಯ ಮುಂದೆಯೇ ಹರಿದು ಹಾಕಲಾಗಿದೆ. ಆ ಮೂರು ಮಕ್ಕಳಲ್ಲಿ ಇಬ್ಬರು ಕಳೆದ ರವಿವಾರ ಬಂದಿದ್ದರು. ಮೂರನೆಯ ಮನೆಗೆ ಇನ್ನೊಮ್ಮೆ ಹೋಗಿ ಬರಬೇಕು.

ವರ್ಗಕ್ಕೆ ಇರುವುದು ಒಂದೇ ಪೇಟಿ, ಅದರಲ್ಲೂ ಎರಡು ಸುರ್ ಒತ್ತಿದರೆ ಏಳುವುದಿಲ್ಲ. ಸದಸ್ಯರ ಮನೆಯ ಅಟ್ಟದ ಮೇಲೆ, ಮಂಚದ ಕೆಳಗೆ, ಮಕ್ಕಳು ಬಿಟ್ಟುಹೋದ ಪೇಟಿಯಾಗಲಿ ತಂಬೂರಿಯಾಗಲಿ ತಬಲಾ ಜೋಡಿಯಾಗಲಿ ಇದ್ದರೆ ದಯವಿಟ್ಟು ತಿಳಿಸಿ. ಕೆಟ್ಟಿದ್ದರೂ ಅಡ್ಡಿಯಿಲ್ಲ, ಮಿರಜಿಗೆ ಹೋಗುವವರ ಕೈಯಲ್ಲಿ ಕಳಿಸಿ ರಿಪೇರಿ ಮಾಡಿಸುತ್ತೇವೆ. ನಮ್ಮ ಮಗಳ ಪೇಟಿಯನ್ನು ಈ ವಾರ ಅಟ್ಟದಿಂದ ಇಳಿಸಿದ್ದೇವೆ. ತಿದಿ ಹರಿದಿದೆ, ಸುರ್ ಚೆನ್ನಾಗಿವೆ.

ಸೆಪ್ಟೆಂಬರ್ 12ರ ಸಂಜೆ ಆರು ಗಂಟೆಗೆ ಸಂಘದ ಕೊಠಡಿಯಲ್ಲಿ ಸವಾಯಿ ಗಂಧರ್ವರ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಬೇರೆ ಊರಿನ ಶಾಖೆಗಳವರೂ ಅದೇ ದಿನ ತಮ್ಮಲ್ಲಿ ಇಟ್ಟುಕೊಳ್ಳಬಹುದು. ಮಕ್ಕಳನ್ನು ಕರೆತನ್ನಿ. ಚಹಾದ ವ್ಯವಸ್ಥೆ ಇದೆ.

ಕಾರ್ಯದರ್ಶಿ